ಬುತ್ತಿ ಬಟ್ಟೆಗಳಲ್ಲಿ ಬಂದ ಬೀಜ

ನಮ್ಮ ಹೊಲದ ಮುಂದೆ ಬಸ್ ಸ್ಟಾಪ್ ಇಲ್ಲ. ಬೋರ್ಡಿಲ್ಲ, ಕಟ್ಟೆಯಿಲ್ಲ, ನೆರಳಿಗೆ ನೆಟ್ಟಗೊಂದು ಮರವೂ ಇಲ್ಲ. ಆದರೂ ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ ಹಾಯ್ದು ರಾಯಬಾಗಕ್ಕೆ ಹೋಗುವ ಬಸ್ಸು ಅಲ್ಲಿ ಬಂದಾಗ ವೇಗ ತಗ್ಗಿಸುತ್ತದೆ, ಒಮ್ಮೊಮ್ಮೆ ನಿಂತೇ ಬಿಡುತ್ತದೆ. ಹೊಸಬರು ಒಳಗಿದ್ದರೆ ಗಾಡಿ ಕೆಟ್ಟಿತೇನೋ ಎಂದು ಗಾಬರಿಯಾಗುತ್ತಾರೆ. ಹಳಬರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ನನ್ನ ಬೆಳೆಯ ಮೇಲೆ ಕಣ್ಣಾಡಿಸಿ, ಏನಾದರೊಂದು ಕೊಂಕು ಮಾತಾಡಿ ಮುಂದೆ ಹೋಗುತ್ತಾರೆ. ಇದು ಹೇಗೆ ಶುರುವಾಯಿತು ಎಂದು ಹೇಳಬೇಕಾದರೆ ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಸುದ್ದಿ ಹೇಳಬೇಕು. ಈಗ ನೆನೆಸಿಕೊಂಡರೆ ಎದೆ ತುಂಬಿ ಬರುತ್ತದೆ.

ನಾನು ಅದೇ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ನಮ್ಮ ಕಡೆಯ ಬಸ್ಸು ಜನರನ್ನಷ್ಟೇ ಒಯ್ಯುವುದಿಲ್ಲ, ಬುತ್ತಿಯನ್ನೂ ಒಯ್ಯುತ್ತದೆ. ಚಿಕ್ಕೋಡಿಯಲ್ಲಿ ರೂಮು ಮಾಡಿಕೊಂಡು ಕಾಲೇಜು ಓದುವ ಮಕ್ಕಳಿಗೆ ಹಳ್ಳಿಗಳಿಂದ ತಾಯಂದಿರು ರೊಟ್ಟಿ, ಪಲ್ಯ, ಚಟ್ನಿ ಡಬ್ಬಿಗೆ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಳಗಿನ ಬಸ್ಸಿನ ಕಿಟಕಿಯಲ್ಲಿ ಕೊಡುತ್ತಾರೆ. ಡ್ರೈವರನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಗಂಟುಗಳ ಗುಡ್ಡವೇ ಬೀಳುತ್ತದೆ. ಯಾವುದರ ಮೇಲೂ ಹೆಸರಿರುವುದಿಲ್ಲ. ಹಸಿರು ಚೌಕಳಿ ಕಾಗವಾಡ ಕಡೆಯದು, ಹಳೆಯ ಇಳಕಲ್ಲ ಸೀರೆಯ ಸೆರಗಿನ ತುಂಡು ಕೊಕಟನೂರಿನದು. ಇವೆರಡೂ ಅಥಣಿ ಕಡೆಯ ಬಸ್ಸಿನಲ್ಲಿ ಬಂದು ರಾಯಬಾಗದಲ್ಲಿ ನನ್ನ ಕೈ ಸೇರುತ್ತಿದ್ದವು. ಹೀಗೆ ಬಟ್ಟೆಯ ಮೇಲೆಯೇ ನನಗೆ ಎಲ್ಲರ ಗುರುತು. ಎಷ್ಟೋ ತಾಯಂದಿರ ಮುಖ ಮರೆತಿರಬಹುದು, ಬಟ್ಟೆ ಮರೆತಿಲ್ಲ. ಸಂಜೆಗೆ ಖಾಲಿ ಡಬ್ಬಿಗಳು ಅದೇ ಬಟ್ಟೆಯಲ್ಲಿ ವಾಪಸು ಹೋಗುತ್ತಿದ್ದವು.

ಮೊಣಕಾಲು ಸವೆದು, ನಿಂತು ಮಾಡುವ ಕೆಲಸ ಇನ್ನು ಸಾಕು ಎಂದು ಡಾಕ್ಟರರು ಹೇಳಿದ ಮೇಲೆ ನೌಕರಿ ಬಿಟ್ಟೆ. ಬಿಟ್ಟವನು ಸುಮ್ಮನೆ ಕೂರಲಿಲ್ಲ, ಹೊಲ ಮಾಡುತ್ತೇನೆ ಅಂದೆ. ಹೊಲವನ್ನೇನು ಖುರ್ಚಿ ಹಾಕಿಕೊಂಡು ಮಾಡುತ್ತಾರೇನು ಎಂದು ಹೆಂಡತಿ ಕೇಳಿದಳು. ನಾನು ಹಟ ಬಿಡಲಿಲ್ಲ.

ನನ್ನ ಪಾಲಿನ ಎರಡು ಎಕರೆಯನ್ನು ಅಷ್ಟೂ ವರ್ಷ ಅಣ್ಣನೇ ನೋಡಿಕೊಂಡಿದ್ದ. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಚಿಗುರುವ ಕುಳೆ, ಕುಳೆ ಮುಗಿದ ಮೇಲೆ ಮತ್ತೆ ಕಬ್ಬು. ಅಣ್ಣನದು ತಪ್ಪು ಎನ್ನಲಾರೆ, ಸುತ್ತ ಎಲ್ಲರೂ ಮಾಡುವುದು ಅದನ್ನೇ. ಆದರೆ ಆ ಮಣ್ಣು ಇಟ್ಟಂಗಿಯ ಹಾಗೆ ಆಗಿತ್ತು. ನಮ್ಮ ಅವ್ವ ಇದ್ದಾಗ ಅದೇ ಹೊಲಕ್ಕೆ ಬುಟ್ಟಿ ಹಿಡಿದು ಹೋದರೆ ಜೋಳದ ಸಾಲಿನ ನಡುವಿನಿಂದ ಪುಂಡಿ ಪಲ್ಲೆ, ಹೆಸರುಕಾಯಿ, ಅಲಸಂದಿ, ಸೌತೆ ತುಂಬಿಕೊಂಡು ಬರುತ್ತಿದ್ದಳು. ಮುಖ್ಯ ಬೆಳೆಯ ನಡುವೆ ಹೀಗೆ ನಾಲ್ಕಾರು ಬಗೆ ಬೆರೆಸಿ ಬಿತ್ತುವುದಕ್ಕೆ ನಮ್ಮಲ್ಲಿ ಅಕ್ಕಡಿ ಅನ್ನುತ್ತಾರೆ. ಮನೆಗೆ ವರ್ಷವಿಡೀ ಉಣ್ಣಲು ಸಾಲುವ, ಮನೆಯ ಗೊಬ್ಬರದಲ್ಲಿ ನಿಲ್ಲುವ, ನೀರಿಗೆ ಬಾಯಿ ಬಿಡದ ಅಂಥದೊಂದು ಹೊಲ ಮತ್ತೆ ಮಾಡಬೇಕು ಎನ್ನುವುದು ನನ್ನ ಆಸೆ.

ಅಣ್ಣ ನಗಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಒಂದು ಹಂಗಾಮು ಕೊಟ್ಟ.

“ಸೀಗಿ ಹುಣ್ಣಿವಿ ತನಕಾ ನೋಡ್ತೇನಿ ತಮ್ಮಾ. ಅವತ್ತ ಪೂಜಿ ಮಾಡಾಕ ಹೊಲದಾಗ ತೆನಿ ಇದ್ರ ಹೊಲಾ ನಿಂದು, ತಿಳಿದಂಗ ಮಾಡು. ಇಲ್ಲಂದ್ರ ಮರುದಿನಾ ಟ್ರ್ಯಾಕ್ಟರ್ ಬರತೈತಿ, ಕಬ್ಬ ಹಚ್ಚತೇನಿ.”

ಸೀಗಿ ಹುಣ್ಣಿಮೆಯೆಂದರೆ ಮಳೆಗಾಲ ಮುಗಿಯುವ ಹೊತ್ತಿಗೆ ರೈತರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಪೂಜೆ ಮಾಡಿ, ಅಲ್ಲೇ ಉಂಡು ಬರುವ ದಿನ. ಅಣ್ಣ ಹೇಳಿದ್ದು ನ್ಯಾಯವಾಗಿಯೇ ಇತ್ತು. ನಾನು ಹೂಂ ಅಂದೆ.

ಮೊದಲ ಕೆಲಸ ಕಬ್ಬಿನ ಬುಡ ಕೀಳುವುದು. ಅದು ನನ್ನ ಮೊಣಕಾಲಿಗೆ ಆಗುವ ಕೆಲಸವಲ್ಲ. ಪಕ್ಕದ ಹೊಲದವರು ಎತ್ತು ಕಟ್ಟಿಕೊಂಡು ಮುಯ್ಯಿಗೆ ಬಂದರು. ಮುಯ್ಯಿ ಎಂದರೆ ಇವತ್ತು ಅವರು ನಮ್ಮಲ್ಲಿ ದುಡಿದರೆ ನಾಳೆ ನಾವು ಅವರಲ್ಲಿ ದುಡಿದು ತೀರಿಸುವುದು. ನನ್ನ ಬದಲಿಗೆ ಹೆಂಡತಿ ಅವರ ಹೊಲದ ಕಳೆ ತೆಗೆಯಲು ಹೋದಳು. ಒಣಗಿದ ಕಬ್ಬಿನ ಎಲೆ, ನಾವು ರವದಿ ಅನ್ನುತ್ತೇವೆ, ಅದಕ್ಕೆ ಕಡ್ಡಿ ಗೀರಿ ಕೈ ತೊಳೆದುಕೋ ಎಂದು ಬಂದವರೆಲ್ಲ ಹೇಳಿದರು. ನಾನು ಸುಡಲಿಲ್ಲ. ಸಾಲಿನಲ್ಲಿ ಹರವಿ, ಸೆಗಣಿ, ಗೋಮೂತ್ರ, ಬೆಲ್ಲ, ಕಡಲೆ ಹಿಟ್ಟು ಕಲಸಿ ಕೊಳೆಸಿದ ನೀರನ್ನು ಅದರ ಮೇಲೆ ಚೆಲ್ಲುತ್ತ ಹೋದೆ. ರಸ್ತೆಯಲ್ಲಿ ಹೋಗುವವರಿಗೆ ನನ್ನ ಹೊಲ ಹೊಲದ ಹಾಗೆ ಕಾಣುತ್ತಿರಲಿಲ್ಲ, ಯಾರೋ ಕಸ ಒಟ್ಟಿದ ಹಾಗೆ ಕಾಣುತ್ತಿತ್ತು.

ಮಿರಗಿನ, ಅಂದರೆ ಮೃಗಶಿರಾ ಮಳೆ ಸರಿಯಾಗಿ ಬಿತ್ತು. ಪೇಟೆಯಿಂದ ಬೀಜ ತಂದು, ಅವಸರ ಮಾಡಿ ಬಿತ್ತಿದೆ. ಬಿತ್ತಿದ ಮರುದಿನವೇ ಜೋರು ಮಳೆ ಹೊಡೆದು, ಆಮೇಲೆ ಮೋಡ ಮಾಯವಾಗಿ ಬಿಸಿಲು ಬಿದ್ದಿತು. ರವದಿ ಇನ್ನೂ ಕೊಳೆತಿರಲಿಲ್ಲ, ಜೀವವಿಲ್ಲದ ಮಣ್ಣು ಮೇಲಿನಿಂದ ಹಪ್ಪಳದ ಹಾಗೆ ಕಟ್ಟಿಕೊಂಡಿತು. ಮೊಳಕೆ ಒಳಗೇ ಡೊಂಕಾಗಿ ಹಳದಿಯಾಯಿತು. ಎದ್ದ ನಾಲ್ಕನ್ನು ಹಕ್ಕಿಗಳು ತಿಂದವು. ಉಗುರಿನಿಂದ ಕೆದರಿ ಕೆದರಿ ನೋಡಿದೆ. ಎಲ್ಲಿ ಕೆದರಿದರೂ ಅದೇ ಡೊಂಕು ಮೊಳಕೆ. ಅಂಗಡಿಯಲ್ಲಿ ಆಗ ಉಳಿದದ್ದು ಗೊಬ್ಬರವನ್ನು ಚೀಲಗಟ್ಟಲೆ ಕೇಳುವ ಜಾತಿಯ ಬೀಜ ಮಾತ್ರ. ಅದನ್ನು ಹಾಕುವುದಾದರೆ ಈ ಕಸರತ್ತು ಯಾಕೆ?

ಅವತ್ತು ಬೆಳಿಗ್ಗೆ ರಸ್ತೆಯ ಬದುವಿನ ಮೇಲೆ ಕುಳಿತಿದ್ದೆ. ನನ್ನ ಬಸ್ಸು ಬಂತು. ನನ್ನ ಜೊತೆ ಬಹಳ ವರ್ಷ ಕೆಲಸ ಮಾಡಿದ ಡ್ರೈವರ್ ನನ್ನನ್ನು ನೋಡಿ ಗಾಡಿ ನಿಲ್ಲಿಸಿದ. ಕಡಿಮೆ ಮಾತಿನ ಮನುಷ್ಯ. ಬಿತ್ತನೆಗೆ ಏನಾಯಿತು ಅಂತ ಕೇಳಿದ, ಹೇಳಿದೆ. ಬೀಜ ಬೇಕೋ ಅಂದ. ಬೇಕು, ಆದರೆ ಮನೆಯಲ್ಲಿ ತಲೆಮಾರಿನಿಂದ ಇಟ್ಟುಕೊಂಡ ಬೀಜ ಬೇಕು, ಅದನ್ನು ಈಗ ಯಾರು ಇಟ್ಟಿರುತ್ತಾರೆ ಅಂದೆ. ಅವನು ಗೇರು ಹಾಕಿ ಹೋದ. ಮುಂದೆ ಏನು ಮಾಡಿದನೆಂದು ನನಗೆ ತಿಳಿದದ್ದು ಆಮೇಲೆ. ಜನ್ಮದಲ್ಲಿ ಬಾಯಿ ಬಿಡದವನು ಪ್ರತಿಯೊಂದು ಸ್ಟಾಪಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, ನಮ್ಮ ಕಂಡಕ್ಟರನ ಹೊಲ ಎದ್ದಿಲ್ಲ, ಮನೆಯ ಬೀಜ ಇದ್ದವರು ಕೊಡಿ ಎಂದು ಕೂಗಿದ್ದನಂತೆ. ಅಥಣಿಗೆ ಹೋಗುವ ಬಸ್ಸಿನವರಿಗೂ ಹೇಳಿಕೊಟ್ಟಿದ್ದನಂತೆ.

ಎರಡು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಬಸ್ಸು ನಿಂತಿತು, ಡ್ರೈವರ್ ಇಳಿದು ಬಂದ, ಬದುವಿನ ಮೇಲೆ ಗಂಟುಗಳನ್ನು ಸಾಲಾಗಿ ಇಟ್ಟು ಹೋದ. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ಬುತ್ತಿಯ ಬಟ್ಟೆಗಳು! ಹಸಿರು ಚೌಕಳಿ, ಇಳಕಲ್ಲ ಸೆರಗು, ಹಿಟ್ಟಿನ ಚೀಲ ಕತ್ತರಿಸಿದ್ದು, ಕುಪ್ಪಸದ ಖಣದ್ದು, ಹೆಚ್ಚುಕಡಿಮೆ ಎಲ್ಲ ನನಗೆ ಗೊತ್ತಿದ್ದವೇ. ಆ ಮಕ್ಕಳು ಓದು ಮುಗಿಸಿ ಎಲ್ಲೆಲ್ಲಿಗೋ ಹೋಗಿದ್ದಾರೆ, ಬಟ್ಟೆಗಳು ಮಾತ್ರ ಉಳಿದಿವೆ. ಒಳಗೆ ಜೋಳ, ಸಜ್ಜೆ, ತೊಗರಿ, ಮಡಿಕೆಕಾಳು, ಹೆಸರು, ಅಲಸಂದಿ, ಗುರೆಳ್ಳು, ಪುಂಡಿ, ಹೀರೆ. ನಾನು ಬದುವಿನ ಮೇಲೆ ಕುಳಿತು ಅತ್ತೆ. ಹೇಳಲು ನಾಚಿಕೆಯಿಲ್ಲ.

ಅದೇ ವಾರ ರಾಯಬಾಗ ಕಡೆಯ ಒಬ್ಬ ಕುರುಬ ಅಜ್ಜ ತನ್ನ ಕುರಿ ಹಿಂಡು ಹೊಡೆದುಕೊಂಡು ಬಂದ. ಅವನಿಗೂ ನನಗೂ ಬಸ್ಸಿನಲ್ಲಿ ಯಾವಾಗಲೂ ಜಗಳ. ಕಂಬಳಿಯೊಳಗೆ ಆಡಿನ ಮರಿ ಮುಚ್ಚಿಟ್ಟುಕೊಂಡು ಹತ್ತುತ್ತಿದ್ದ. ಅದು ಸರಿಯಾಗಿ ನಾನು ಹತ್ತಿರ ಬಂದಾಗಲೇ ಕೂಗುತ್ತಿತ್ತು. ನಾನು ಅದಕ್ಕೂ ಟಿಕೆಟ್ ಹರಿಯುತ್ತಿದ್ದೆ. ಈಗ ಅವನು ಹಿಂಡನ್ನು ನನ್ನ ಹೊಲಕ್ಕೆ ಹೊಗಿಸಿ, ಕೋಲೂರಿ ನಿಂತ.

“ಒಂದ ಮರಿಗೆ ಟಿಕೆಟ್ ಹರೀತಿದ್ದೆಲ್ಲಾ, ಈಗ ಇಡೀ ಹಿಂಡ ತಂದೇನಿ. ಎಷ್ಟ ಹರೀತಿ ಹರೀ, ನೋಡೂನು.”

ಬಿತ್ತುವ ಮುಂಚೆ ಹೊಲದಲ್ಲಿ ಕುರಿ ತರುಬುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹಿಂಡನ್ನು ರಾತ್ರಿಯೆಲ್ಲ ಬಲೆಯೊಳಗೆ ಕೂಡಿಹಾಕಿದರೆ ಹಿಕ್ಕೆ, ಉಚ್ಚೆ ಎಲ್ಲ ಮಣ್ಣಿಗೆ ಬೀಳುತ್ತದೆ. ಗೊರಸಿನ ತುಳಿತಕ್ಕೆ ಕಟ್ಟಿದ ಮೇಲ್ಪದರ ಒಡೆಯುತ್ತದೆ. ಬಲೆಯನ್ನು ದಿನಕ್ಕಷ್ಟು ಸರಿಸುತ್ತ ಅವನು ಪೂರ್ತಿ ಹೊಲ ಮುಗಿಸಿದ. ಪ್ರತಿಯಾಗಿ ಏನು ಕೊಡಲಿ ಎಂದು ಕೇಳಿದ್ದಕ್ಕೆ, ಇನ್ನು ಮುಂದೆ ಬಸ್ಸಿನಲ್ಲಿ ನೀನಿಲ್ಲವಲ್ಲ, ಅದೇ ಸಾಕು ಅಂದ.

ಬೀಜ ಇತ್ತು, ಹೊಲ ಸಿದ್ಧವಿತ್ತು, ಮಳೆಯ ಮೋಡವೂ ಕಟ್ಟಿತ್ತು. ಆಗ ಮನೆಯಲ್ಲಿ ಒಂದು ಅನಾಹುತ ಆಯಿತು.

ನಮ್ಮಲ್ಲಿ ಪರರ ಮನೆಯ ಬಟ್ಟೆ, ಪಾತ್ರೆ ಬಂದರೆ ತೊಳೆಯದೆ ಇಟ್ಟುಕೊಳ್ಳುವುದಿಲ್ಲ, ಬರಿದಾಗಿ ಹಿಂದಕ್ಕೆ ಕಳಿಸುವುದೂ ಇಲ್ಲ. ನಾನು ಗಂಟುಗಳನ್ನು ಮೂಲೆಯಲ್ಲಿ ಜೋಡಿಸಿ, ಯಾವ ಬಟ್ಟೆಯದು ಯಾರ ಬೀಜ, ಮುಂಗಾರಿಗೆ ಬಿತ್ತುವ ಜೋಳ ಯಾವುದು, ಹಿಂಗಾರಿಯದು ಯಾವುದು ಎಂದು ಡ್ರೈವರನಿಂದ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನಾನು ಚಿಕ್ಕೋಡಿಗೆ ಹೋಗಿ ಬರುವುದರೊಳಗೆ ಹೆಂಡತಿ ಜೋಳವನ್ನೆಲ್ಲ ಒಂದು ಮಣ್ಣಿನ ಹರವಿಗೆ, ಕಾಳನ್ನೆಲ್ಲ ಇನ್ನೊಂದಕ್ಕೆ ಸುರುವಿ, ಬಟ್ಟೆಗಳನ್ನು ಒಗೆದು, ಅಂಗಳದ ಹಗ್ಗದ ಮೇಲೆ ಸಾಲಾಗಿ ಒಣಹಾಕಿದ್ದಳು. ಹಗ್ಗದ ಮೇಲೆ ಎಲ್ಲ ಊರುಗಳೂ ಇದ್ದವು. ಹರವಿಯೊಳಗೆ ಯಾವ ಊರೂ ಇರಲಿಲ್ಲ.

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಮುಂಗಾರಿ ಜೋಳ ಸೀಗಿ ಹುಣ್ಣಿಮೆಗೆ ತೆನೆ ಕೊಡುತ್ತದೆ. ಹಿಂಗಾರಿ ಜೋಳವನ್ನು ಈಗ ಬಿತ್ತಿದರೆ ಆಳೆತ್ತರ ಬೆಳೆದು ಬರೀ ಎಲೆಯಾಗಿ ನಿಲ್ಲುತ್ತದೆ, ತೆನೆಗೆ ಚಳಿ ಬೀಳಬೇಕು. ಎರಡೂ ಬಿಳಿ, ಎರಡೂ ದುಂಡಗೆ. ಬೆರಳಲ್ಲಿ ಆರಿಸಿ ಬೇರೆ ಮಾಡಲು ಕೂತೆ. ಮೂರು ಹಿಡಿ ಮುಗಿಯುವುದರೊಳಗೆ ನನಗೇ ನನ್ನ ಮೇಲೆ ನಂಬಿಕೆ ಹೋಯಿತು. ಎಲ್ಲರಿಂದ ಮತ್ತೊಮ್ಮೆ ಕೇಳಿ ತರಿಸುವುದೆಂದರೆ ಮಳೆ ತಪ್ಪುತ್ತಿತ್ತು, ಮುಖವೂ ಇರಲಿಲ್ಲ. ಬಿತ್ತದೆ ಬಿಟ್ಟುಬಿಡೋಣ, ಅಣ್ಣ ಕಬ್ಬು ಹಚ್ಚಲಿ ಎಂದು ಆ ಸಂಜೆ ನಿಜವಾಗಿಯೂ ಅಂದುಕೊಂಡೆ.

ಹೆಂಡತಿ ಅಷ್ಟೊತ್ತು ಬಟ್ಟೆ ಮಡಿಸುತ್ತಿದ್ದಳು. ಆಮೇಲೆ ಮೆತ್ತಗೆ ಹೇಳಿದಳು:

“ಹತ್ತ ಊರ ಮಂದಿ ನಿಮ್ಮ ಬಸ್ಸಿನ್ಯಾಗ ಕೂಡೇ ಕುಂತ ಬರತಿದ್ರಲ್ರಿ. ಯಾರ ಎಲ್ಲಿ ಇಳಿಯಾವ್ರಂತ ಬಸ್ಸ ಹತ್ತೂವಾಗ ಬ್ಯಾರೆ ಬ್ಯಾರೆ ಮಾಡಿ ಕುಂಡ್ರಸತಿದ್ರೇನು? ಹೊಲದಾಗೂ ಹಂಗ ಬರ್ಲಿ ಬಿಡ್ರಿ. ಅವರವರ ಸ್ಟಾಪ್ ಬಂದಾಗ ಅವರವರ ಇಳೀತಾರ.”

ನನಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಮಾತು ಸರಿಯಿತ್ತು. ಎಲ್ಲವನ್ನೂ ಕೂಡಿಯೇ ಬಿತ್ತುವುದೆಂದು ತೀರ್ಮಾನವಾಯಿತು. ಒಂದಿಷ್ಟಾದರೂ ಹುಣ್ಣಿಮೆಗೆ ತೆನೆ ಹಾಕುತ್ತದೆ ಎನ್ನುವುದಷ್ಟೇ ಲೆಕ್ಕ. ಪಕ್ಕದ ಹೊಲದವರು ಮತ್ತೆ ಮುಯ್ಯಿಗೆ ಬಂದು ಬಿತ್ತುವ ಕೂರಿಗೆ ತಂದರು. ಮುಂದಿನ ಬಟ್ಟಲಿಗೆ ಜೋಳದ ಹರವಿ, ಹಿಂದೆ ಕಟ್ಟಿದ ಅಕ್ಕಡಿಯ ಕೊಳವೆಗೆ ಕಾಳಿನ ಹರವಿ. ಹೆಂಗಸರಿಬ್ಬರು ಬೀಜ ಬಿಡುತ್ತ ನಡೆದರು. ಕೈಗೆ ಏನು ಬಂತೋ ಅದು ಮಣ್ಣಿಗೆ ಹೋಯಿತು.

ಈ ಸಲ ಮಣ್ಣು ಕಟ್ಟಲಿಲ್ಲ. ಕೊಳೆತ ರವದಿಯ ಕೆಳಗೆ ತಂಪು ಉಳಿಯಿತು, ಮೊಳಕೆ ನೆಟ್ಟಗೆ ಎದ್ದಿತು. ಆದರೆ ಬೆಳೆಯುತ್ತ ಹೋದಂತೆ ಹೊಲದ ರೂಪ ನೋಡಬೇಕಿತ್ತು. ಒಂದು ಗಿಡ ಮೊಣಕಾಲಿಗೆ, ಪಕ್ಕದ್ದು ಭುಜಕ್ಕೆ. ಒಂದು ಕಡೆ ಹೂ, ಒಂದು ಕಡೆ ಬರೀ ಎಲೆ. ಅಲಸಂದಿ ಸಿಕ್ಕ ಸಿಕ್ಕ ಜೋಳಕ್ಕೆ ಹತ್ತಿಕೊಂಡಿತ್ತು. ಅಣ್ಣ ತನ್ನ ಕಬ್ಬಿನ ಬದುವಿನಲ್ಲಿ ನಿಂತು ನೋಡಿ ಹೋಗುತ್ತಿದ್ದ.

ಶ್ರಾವಣದಲ್ಲಿ ಅಲಸಂದಿಗೆ ಕರಿ ಹೇನು ಮುತ್ತಿತು. ಕುಡಿಯೆಲ್ಲ ಮಸಿ ಬಳಿದ ಹಾಗೆ. ಅದು ತೊಗರಿಗೆ ಹಬ್ಬಿದರೆ ಮುಗಿಯಿತು. ಡ್ರೈವರನಿಗೆ ಒಂದು ಕುಡಿ ಕಿತ್ತು ತೋರಿಸಿದೆ. ನಾವು ಬಸ್ಸಿನವರು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅಕ್ಕೋಳದವಳೊಬ್ಬಳು ಮರುದಿನ ಒಂದು ಗಂಟು ಕಳಿಸಿದಳು. ನಿಪ್ಪಾಣಿಯ ತಂಬಾಕಿನ ಕೆಲಸಕ್ಕೆ ಹೋಗುವ ಈ ಹೆಂಗಸು ಮಗಳ ಬುತ್ತಿಯನ್ನು ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಕೊಟ್ಟವಳಲ್ಲ. ಗಂಟಿನಲ್ಲಿದ್ದದ್ದು ತಂಬಾಕಿನ ಧೂಳು. ನೀರಲ್ಲಿ ನೆನೆಹಾಕಿ, ಸೋಸಿ, ಚೂರು ಸಾಬೂನು ಕದಡಿ ಹೊಡಿ, ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಹೇಳಿಕಳಿಸಿದ್ದಳು. ಬಟ್ಟೆ ಕಟ್ಟಿಕೊಳ್ಳುವ ಮಾತನ್ನು ನಾನು ಕೇಳಲಿಲ್ಲ. ಇಡೀ ದಿನ ಸೀನಿದೆ. ಹೇನು ಉದುರಿತು.

ಸೀಗಿ ಹುಣ್ಣಿಮೆ ಬಂತು. ಹೆಂಡತಿ ಹೋಳಿಗೆ, ಕಡಬು, ಪುಂಡಿ ಪಲ್ಲೆ, ಸಜ್ಜೆ ರೊಟ್ಟಿ ಕಟ್ಟಿಕೊಂಡಳು. ಅಣ್ಣನ ಮನೆಯವರೂ ಬಂದರು. ಬರುವಾಗ ಅಣ್ಣ ನನ್ನ ಮುಂದೆಯೇ ಟ್ರ್ಯಾಕ್ಟರಿನವನಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಖಾಲಿ ಇರು ಎಂದು ಹೇಳಿಟ್ಟಿದ್ದ. ಹೊಲದಲ್ಲಿ ಅರ್ಧಕ್ಕೂ ಹೆಚ್ಚು ಜೋಳಕ್ಕೆ ತೆನೆಯೇ ಇರಲಿಲ್ಲ, ಆಳೆತ್ತರ ಎಲೆ ಬೀಸುತ್ತಿತ್ತು. ಉಳಿದದ್ದು ಕಾಳು ಕಟ್ಟಿತ್ತು. ಇದು ಬೆಳೆ ಹೌದೋ ಅಲ್ಲವೋ ಎಂದು ಕೇಳಿದರೆ ನಾನೇ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅಣ್ಣ ಸಾಲಿನೊಳಗೆ ಹೊಕ್ಕು ಬಂದು, ಟೋಪಿ ತೆಗೆದು ತಲೆ ಕೆರೆದುಕೊಂಡ.

ಆಗ ಬಸ್ಸು ಬಂತು. ಹಬ್ಬದ ದಿನ, ಒಳಗೆ ಕಾಲಿಡಲು ಜಾಗವಿಲ್ಲ. ಡ್ರೈವರ್ ನಿಲ್ಲಿಸಿ, ನೀವು ಬೀಜ ಕೊಟ್ಟ ಹೊಲ ಇದೇ ಎಂದು ಒಳಗೆ ತಿರುಗಿ ಹೇಳಿದ. ಹೆಂಗಸರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಸೀರೆ ಎತ್ತಿ ಹಿಡಿದು ನೇರ ಸಾಲಿನೊಳಗೆ ನಡೆದರು. ಒಬ್ಬಳು ಅಲಸಂದಿಯ ಕಾಯಿ ಸುಲಿದು ನೋಡಿ, ಇದು ನಮ್ಮದು, ತುದಿ ಕೆಂಪಗಿರುವುದು ನಮ್ಮ ಊರಿನದಷ್ಟೇ ಅಂದಳು. ಇನ್ನೊಬ್ಬಳು ತೊಗರಿಯ ಹೂವಿನ ಗೆರೆ ನೋಡಿ ತನ್ನ ಗುರುತು ಹೇಳಿದಳು. ಇಳಕಲ್ಲ ಸೆರಗಿನ ಗಂಟು ಕಳಿಸಿದ್ದ ಕೊಕಟನೂರಿನ ಮುದುಕಿ ಆ ತೆನೆಯಿಲ್ಲದ ಎತ್ತರದ ಜೋಳದ ಮುಂದೆ ನಿಂತು, ಅದರ ಎಲೆಯನ್ನು ಹಿಡಿದು ನೋಡಿ, ಅಣ್ಣನ ಕಡೆ ತಿರುಗಿದಳು. ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಇದು ನಮ್ಮ ಹಿಂಗಾರಿ ಜ್ವಾಳರಿ. ಎಳ್ಳ ಅಮಾಸಿ ಮುಂದ ಬಂದ ನೋಡ್ರಿ, ತೆನಿ ಹೊತ್ತ ಬಗ್ಗಿರತೈತಿ. ಈಗ ಕಡಿಬ್ಯಾಡ್ರಿ ಮತ್ತ, ಪಾಪ ಹತ್ತತೈತಿ.”

ಅಣ್ಣ ಟೋಪಿ ಮತ್ತೆ ಹಾಕಿಕೊಂಡ. ನನ್ನ ಹೆಂಡತಿ ಬಂದವರಿಗೆಲ್ಲ ನಿಂತಲ್ಲೇ ಕಡಬು ಕೊಟ್ಟಳು. ಡ್ರೈವರ್ ಹಾರ್ನ್ ಹಾಕಿದ, ಎಲ್ಲರೂ ಓಡಿ ಹತ್ತಿದರು, ಬಸ್ಸು ಹೋಯಿತು. ನಾವು ಪೂಜೆ ಮಾಡಿ ಉಣ್ಣಲು ಕುಳಿತೆವು. ಎರಡು ರೊಟ್ಟಿ ಮುಗಿಸಿದ ಮೇಲೆ ಅಣ್ಣ ಎಡಗೈಯಲ್ಲಿ ಫೋನು ತೆಗೆದು, ನಾಳೆ ಬರಬೇಡ ಎಂದು ಟ್ರ್ಯಾಕ್ಟರಿನವನಿಗೆ ಹೇಳಿದ. ಆಮೇಲೆ ನನ್ನ ಮುಖ ನೋಡದೆ, ಆ ಕೆಂಪು ತುದಿಯ ಅಲಸಂದಿಯ ಬೀಜ ನನಗೂ ಒಂದು ಹಿಡಿ ತೆಗೆದಿಡು ಅಂದ. ನಮ್ಮಿಬ್ಬರ ನಡುವೆ ಆ ವಿಷಯ ಅಲ್ಲಿಗೆ ಮುಗಿಯಿತು.

ಮುದುಕಿ ಹೇಳಿದ ಹಾಗೆಯೇ ಆಯಿತು. ಚಳಿಗಾಲದ ಎಳ್ಳ ಅಮಾವಾಸ್ಯೆ ಹೊತ್ತಿಗೆ ಎತ್ತರದ ಜೋಳ ಬಗ್ಗಿ ನಿಂತಿತು. ರಾಶಿ ಮಾಡಿದ ಮೇಲೆ ಹೆಂಡತಿ ಪೆಟ್ಟಿಗೆಯಿಂದ ಬಟ್ಟೆಗಳನ್ನು ತೆಗೆದಳು. ಅಷ್ಟು ದಿನ ಅವು ಮನೆಯಲ್ಲಿ ಉಳಿದದ್ದೇ, ಬರಿದಾಗಿ ಕಳಿಸಬಾರದೆಂದು. ಒಂದೊಂದರಲ್ಲೂ ಜೋಳ, ಅಕ್ಕಡಿ ಕಾಳು ಕೂಡಿಸಿ ಕಟ್ಟಿದೆವು. ನಾನು ಬಟ್ಟೆ ನೋಡಿ ಊರು ಹೇಳಿದೆ, ಡ್ರೈವರ್ ಒಯ್ದು ಮುಟ್ಟಿಸಿದ.

ಒಂದು ಬಟ್ಟೆ ಉಳಿಯಿತು. ಬಿಳಿ ಧೋತರದ ತುಂಡು, ಕೆಂಪು ಅಂಚು. ಎಷ್ಟು ನೆನೆಸಿಕೊಂಡರೂ ಅದು ಯಾರದೆಂದು ನನಗೆ ಹೊಳೆಯಲಿಲ್ಲ, ಗದ್ದಲದಲ್ಲಿ ಯಾರು ಇಟ್ಟುಹೋದರೋ ಡ್ರೈವರನಿಗೂ ತಿಳಿದಿರಲಿಲ್ಲ. ನನ್ನ ಬಸ್ಸಿನಲ್ಲಿ ಆ ಬಟ್ಟೆಯ ಬುತ್ತಿ ಬಂದದ್ದೇ ಇಲ್ಲ. ಅದರಲ್ಲಿ ಏನು ಬಂದಿತ್ತೆಂಬುದೂ ಗೊತ್ತಿಲ್ಲ, ಎಲ್ಲ ಹರವಿಗೆ ಬಿದ್ದಿತ್ತಲ್ಲ. ಹೀಗಾಗಿ ಹೊಲದಲ್ಲಿ ಎದ್ದ ಯಾವ ಗಿಡವಾದರೂ ಆ ಮನೆಯದಿರಬಹುದು. ಕಾಳು ತುಂಬಿ ಕಟ್ಟಿ, ಯಾರಾದರೂ ತಮ್ಮದು ಅಂದರೆ ಕೊಟ್ಟುಬಿಡು ಎಂದು ಡ್ರೈವರನ ಕೈಯಲ್ಲಿ ಕೊಟ್ಟೆ.

ಸಂಜೆಯ ಬಸ್ಸಿನಲ್ಲಿ ಗಂಟು ತಿರುಗಿ ಬಂತು. ದಾರಿಯುದ್ದಕ್ಕೂ ಎತ್ತಿ ತೋರಿಸಿದೆ, ಯಾರೂ ತಮ್ಮದು ಅನ್ನಲಿಲ್ಲ, ಕೊನೆಗೆ ಇಂಜಿನ್ ಮುಚ್ಚಳದ ಮೇಲೆ ಇಟ್ಟಿದ್ದೆ ಎಂದು ಡ್ರೈವರ್ ಹೇಳಿ ಹೋದ. ಕೈಗೆ ತೆಗೆದುಕೊಂಡರೆ ತೂಕ ಬೇರೆಯಿತ್ತು. ಬಿಚ್ಚಿದೆ. ನಾನು ಕಟ್ಟಿದ ಕಾಳು ಇರಲಿಲ್ಲ. ಒಂದು ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ಉಳ್ಳಾಗಡ್ಡಿ. ಬುತ್ತಿ! ಅಷ್ಟು ವರ್ಷ ಊರವರ ಬುತ್ತಿ ಹೊತ್ತವನಿಗೆ ಬುತ್ತಿ ಬಂದದ್ದು ಅದೇ ಮೊದಲು. ಬದುವಿನ ಮೇಲೆ ಕುಳಿತು, ಒಂದು ಚೂರೂ ಬಿಡದೆ ಉಂಡೆ. ಹೆಂಡತಿಗೆ ಅರ್ಧ ಇಡಬೇಕಿತ್ತು, ಮರೆತೆ.

ಅವಳು ಬೈಯಲಿಲ್ಲ. ಡಬ್ಬಿ ತೊಳೆದಳು, ಬಟ್ಟೆ ಒಗೆದು ಹಗ್ಗದ ಮೇಲೆ ಹಾಕಿದಳು. ಆಮೇಲೆ ಹರವಿಯ ಮುಚ್ಚಳ ತೆಗೆದು, ಈ ಸಲ ಅದರಲ್ಲಿ ಏನು ಕಟ್ಟೋಣ ಎಂದು ಕೇಳಿದಳು.